ಕರೀಮ್ ಸಾಬರು ಕತ್ತರಿಸಿದ ತಗಡು

ಹಳೆಯ ಕಾರಿನ ಹುಚ್ಚು ಹಿಡಿದವರೆಲ್ಲ ಎರಡು ಕಾರಿನ ಸಂಸಾರಿಗಳು. ಒಂದು ಒರೆಸಿ ನೋಡಿಕೊಳ್ಳಲು, ಇನ್ನೊಂದು ಓಡಾಡಲು. ಮಧುಗಿರಿಯ ನನ್ನ ಮನೆಯ ಮುಂದೆ ಟಾರ್ಪಾಲಿನೊಳಗೆ ಒಂದು ಪದ್ಮಿನಿ ಕಾರು ಮಲಗಿದೆ. ಅದು ರಸ್ತೆ ನೋಡಿ ಎಷ್ಟು ದಿನವಾಯಿತೆಂದು ನನಗೇ ನೆನಪಿಲ್ಲ. ನಾನು ಹೈಸ್ಕೂಲಿಗೆ ಹೋಗುವುದು ಹೊರದೇಶದ ಕಂಪನಿಯ ಹೆಸರು ಹೊತ್ತ ಬಿಳಿ ಕಾರಿನಲ್ಲಿ. ಹತ್ತನೇ ತರಗತಿಗೆ ಸ್ವದೇಶಿ ಚಳವಳಿಯ ಪಾಠವನ್ನು ಗಂಟಲು ಕಟ್ಟುವಷ್ಟು ಆವೇಶದಿಂದ ಹೇಳಿ, ಬೆಲ್ ಹೊಡೆದ ಮೇಲೆ ಅದೇ ಕಾರಿನಲ್ಲಿ ಏಸಿ ಹಾಕಿಕೊಂಡು ಮನೆಗೆ ಬರುತ್ತೇನೆ. ಮಕ್ಕಳು ಕಿಟಕಿಯಿಂದ ನೋಡುತ್ತಿರುತ್ತಾರೆ. ಏನೂ ಹೇಳುವುದಿಲ್ಲ, ಅಂಕಗಳು ನನ್ನ ಕೈಯಲ್ಲಿವೆ.

ಕೊರಟಗೆರೆಯ ಪರ್ವತಯ್ಯ ನನ್ನ ಸ್ನೇಹಿತ, ಹಿಟ್ಟಿನ ಗಿರಣಿಯ ಮಾಲೀಕ. ಅವನ ಸಂಸಾರ ನನ್ನದಕ್ಕೆ ತಿರುಗುಮುರುಗು. ಅವನು ದೇವರಂತೆ ನೋಡಿಕೊಳ್ಳುವುದು ಅಮೆರಿಕದ ಮೂಲದ ಹಳೆಯ ಜೀಪನ್ನು, ದಿನಾ ಗಿರಣಿಗೆ ಹೋಗುವುದು ಅಪ್ಪಟ ದೇಶದ ಕಂಪನಿಯ ಕಾರಿನಲ್ಲಿ. ಆ ಒಂದು ಕಾರಿನ ಬಲದ ಮೇಲೆ ಅವನು ಹದಿನೈದು ವರ್ಷದಿಂದ ನನ್ನನ್ನು ದೇಶ ಮಾರಿದವನೆಂದು ಕರೆಯುತ್ತಿದ್ದಾನೆ. ನಾನು ಅವನ ಜೀಪಿನ ಜಾತಕ ತೆಗೆಯುತ್ತೇನೆ. ಅವನು ನನ್ನ ಪದ್ಮಿನಿ ಇಟಲಿಯವರ ಮನೆಯ ಹೆಣ್ಣು ಎಂದು ನೆನಪಿಸುತ್ತಾನೆ. ಈ ಜಗಳ ನಡೆಯುತ್ತಿದ್ದದ್ದು ಶಿರಾದ ಕರೀಮ್ ಸಾಬರ ಶೆಡ್ಡಿನಲ್ಲಿ. ನಮ್ಮಿಬ್ಬರ ಪ್ರೀತಿಯ ಕಾರುಗಳೂ ವರ್ಷದಲ್ಲಿ ನಾಲ್ಕಾರು ತಿಂಗಳು ಅಲ್ಲೇ ಬಿಚ್ಚಿಕೊಂಡು ಕೂತಿರುತ್ತಿದ್ದವು.

ಕರೀಮ್ ಸಾಬರದು ಟಿಂಕರಿಂಗ್ ಕೆಲಸ. ಗುದ್ದಿಸಿಕೊಂಡು ಬಂದ ಗಾಡಿಯ ತಗಡನ್ನು ಬಡಿದು, ತುಕ್ಕು ತಿಂದದ್ದನ್ನು ಕತ್ತರಿಸಿ, ಬೇರೆ ತಗಡು ಬೆಸೆದು, ಏನೂ ಆಗಿಲ್ಲವೇನೋ ಎಂಬಂತೆ ಮಾಡಿ ಕೊಡುವುದು. ಅವರ ತಂದೆ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಜಟಕಾಗಳ ಕಾಲ ಮುಗಿಯುವ ಹೊತ್ತಿಗೆ ಮಗನನ್ನು ತುಮಕೂರಿನ ಒಂದು ಗ್ಯಾರೇಜಿಗೆ ಸೇರಿಸಿದರು. ಕರೀಮ್ ಸಾಬರಿಗೆ ಈಗ ಅರವತ್ತೇಳು. ಬಲಗಿವಿ ಸುತ್ತಿಗೆಯ ಸದ್ದಿಗೆ ಸೋತಿದೆ. ಆದರೆ ಅಂಗೈಯನ್ನು ತಗಡಿನ ಮೇಲೆ ಒಮ್ಮೆ ಆಡಿಸಿದರೆ ಸಾಕು, ಕಣ್ಣಿಗೆ ಕಾಣದ ಉಬ್ಬುತಗ್ಗು ಅವರಿಗೆ ತಿಳಿಯುತ್ತದೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅವರ ಕೈ ಮುಟ್ಟದ ಹಳೆಯ ಗಾಡಿ ಇದ್ದರೆ ಅದು ಒಂದೋ ಸುಳ್ಳು, ಇಲ್ಲವೇ ಗುಜರಿ.

ಒಂದು ದಿನ ನಮ್ಮ ದೇಶಿ ವಿದೇಶಿ ಜಗಳ ಕೇಳಿ ಕೇಳಿ ಬೇಸತ್ತು ಅವರೇ ತೀರ್ಪು ಕೊಟ್ಟರು.

"ಯಾವ ದೇಶದ್ದು ಅಂತ ಕಂಪ್ನಿಯೋನು ಯೇಳ್ಬುಟ್ರೆ ಆಗೋಯ್ತಾ ಮೇಷ್ಟ್ರೇ? ಕೆಟ್ಟು ನಿಂತಾಗ ಯಾವೂರೋನು ಬಿಚ್ಚಿ ಸರಿ ಮಾಡ್ತಾನೋ, ಗಾಡಿ ಆ ಊರಿಂದು."

ಈ ಲೆಕ್ಕದಲ್ಲಿ ನನ್ನ ಬಿಳಿ ಕಾರು ಯಾವ ಊರಿನದೂ ಅಲ್ಲ. ಅದರ ಬಾನೆಟ್ಟನ್ನು ನಾನು ಎತ್ತಿರುವುದು ಎರಡೇ ಸಲ, ಎರಡು ಸಲವೂ ಗಾಜು ತೊಳೆಯುವ ನೀರು ಹಾಕಲು.

ಕರೀಮ್ ಸಾಬರ ಸಂಸಾರದಲ್ಲಿ ಇದ್ದದ್ದು ಒಂದೇ ಕಾರು. ೧೯೬೯ರ ಅಂಬಾಸಿಡರ್, ಹಳೇ ಮೈಸೂರು ರಾಜ್ಯದ ನಂಬರ್ ಪ್ಲೇಟಿನದು. ಕಡಲೆಕಾಯಿ ಎಣ್ಣೆ ಮಿಲ್ಲಿನವರೊಬ್ಬರ ಹಿತ್ತಿಲಲ್ಲಿ ಚಕ್ರವಿಲ್ಲದೆ ಕೂತಿದ್ದುದನ್ನು ಮೂವತ್ತು ವರ್ಷದ ಹಿಂದೆ ಬೇರೆ ಚಕ್ರ ತೊಡಿಸಿ ಎತ್ತಿನ ಗಾಡಿಗೆ ಕಟ್ಟಿಸಿಕೊಂಡು ಬಂದಿದ್ದರು. ಅದನ್ನು ಅವರು ಷೋಕಿಗೆ ಇಟ್ಟುಕೊಳ್ಳಲಿಲ್ಲ. ಸಂತೆಗೆ, ಮಸೀದಿಗೆ, ತಗಡು ತರಲು, ಮದುವೆಗೆ, ಸಾವಿಗೆ, ಎಲ್ಲಕ್ಕೂ ಅದೇ. ನಾವು ಹಳೆಯ ಕಾರಿನ ಪ್ರೇಮಿಗಳು, ಅವರು ಗೃಹಸ್ಥರು. ಪ್ರೇಮಿಗಳ ಹಾಗೆ ಅವರು ಕಾರಿನ ಬಗ್ಗೆ ಮಾತಾಡುತ್ತಲೂ ಇರಲಿಲ್ಲ.

ಹೆಂಡತಿ ಗುಲ್ಷನ್ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಸೀಟು ಕವರ್ ಹೊಲಿಯುತ್ತಿದ್ದರು. ಶಿರಾದ ಟ್ಯಾಕ್ಸಿಗಳ ಸೀಟುಗಳಲ್ಲಿ ಅರ್ಧಕ್ಕರ್ಧ ಆಕೆಯ ಹೊಲಿಗೆಯವು. ಮೂರು ವರ್ಷದ ಹಿಂದೆ ಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಒಳಗೆ ರಾಡು ಹಾಕಿದರು. ನಡೆಯಲು ವಾಕರ್ ಬಂತು. ಅಲ್ಲಿಂದಾಚೆಗೆ ಆಕೆ ಆಟೋ ಹತ್ತಲಾರರು, ಬಸ್ಸಂತೂ ದೂರದ ಮಾತು. ನನ್ನ ಬಿಳಿ ಕಾರಿನಲ್ಲಿ ಒಮ್ಮೆ ಕೂರಿಸಿಕೊಂಡು ಹೋದೆ. ಸೀಟು ತೀರಾ ತಗ್ಗು, ಇಳಿಸುವಾಗ ಆಕೆ ಕಿರುಚಲಿಲ್ಲ, ಆದರೆ ತುಟಿ ಕಚ್ಚಿಕೊಂಡದ್ದು ನನಗೆ ಕಂಡಿತು. ಅಂಬಾಸಿಡರಿನ ಹಿಂದಿನ ಸೀಟು ಮಾತ್ರ ಮಂಚದಷ್ಟು ಎತ್ತರ, ಬಾಗಿಲು ಬೀರುವಿನಷ್ಟು ಅಗಲ. ಅದರಲ್ಲೇ ಮಂಗಳವಾರ ತುಮಕೂರಿಗೆ ಫಿಸಿಯೋಥೆರಪಿಗೆ, ಗುರುವಾರ ಗೌಡಗೆರೆಯಲ್ಲಿರುವ ಮಗಳು ನಾಹಿದಾಳ ಮನೆಗೆ. ಆ ಕಾರೊಂದು ಇಲ್ಲದಿದ್ದರೆ ಗುಲ್ಷನ್ ಪ್ರಪಂಚ ಮಂಚದಿಂದ ಹೊಸ್ತಿಲವರೆಗೆ, ಅಷ್ಟೇ.

ಹೋದ ವರ್ಷ ಆ ಕಾರಿನ ಆರ್‌ಸಿ ಮುಗಿಯಿತು. ಹಳೆಯ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಮಧುಗಿರಿಯ ಸಾರಿಗೆ ಕಚೇರಿಗೆ ಒಯ್ದು ತೋರಿಸಿ ಆ ನೋಂದಣಿ ಪತ್ರ ನವೀಕರಿಸಬೇಕು. ಬ್ರೇಕು, ದೀಪ, ಹೊಗೆ ನೋಡುತ್ತಾರೆ. ಜೊತೆಗೆ ಬಾನೆಟ್ಟಿನೊಳಗೆ ತಗಡಿನ ಮೇಲೆ ಗುದ್ದಿರುವ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದು ಅರ್ಜಿಗೆ ಅಂಟಿಸಬೇಕು. ಈ ಕಾರು ಆ ಕಾರೇ ಎಂಬುದಕ್ಕೆ ಇರುವ ಸಾಕ್ಷಿ ಅದೊಂದೇ.

ನಾನೂ ಜೊತೆಗಿದ್ದೆ. ಇನ್ಸ್‌ಪೆಕ್ಟರು ವಯಸ್ಸಿನಲ್ಲಿ ನನ್ನ ಶಿಷ್ಯನಷ್ಟಿದ್ದರು, ಮರ್ಯಾದಸ್ಥರು. ಕಾರನ್ನು ಒಂದು ಸುತ್ತು ಬಂದು, ಇಂಥ ಕೆಲಸ ನಾನು ಎಲ್ಲೂ ನೋಡಿಲ್ಲ ಎಂದರು. ಆಮೇಲೆ ಬಾನೆಟ್ಟು ಎತ್ತಿ ಟಾರ್ಚು ಬಿಟ್ಟರು. ತಗಡು ಕನ್ನಡಿಯಂತಿತ್ತು. ನಂಬರು ಇರಲಿಲ್ಲ.

ಕರೀಮ್ ಸಾಬರು ಅಂಗೈಯಿಂದ ತಡವಿದರು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಕೊನೆಗೆ ಕೈ ಹಿಂದೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು. ಅವರ ಮುಖ ನೋಡಿದಾಗ ನನಗೆ ಗೊತ್ತಾಯಿತು, ಅವರಿಗೆ ನೆನಪಾಗಿದೆ ಎಂದು.

ಹಿಂದಿನ ನವೀಕರಣ ಮುಗಿದ ತಿಂಗಳಿಗೇ ಕೊರೊನಾ ಬಂದಿತ್ತು. ಶೆಡ್ಡಿಗೆ ಗಾಡಿಗಳು ಬರುವುದು ನಿಂತಿತು. ಸುತ್ತಿಗೆ ಸುಮ್ಮನೆ ಇಟ್ಟು ಕೂರಲು ಬಾರದ ಮನುಷ್ಯ ತನ್ನ ಕಾರನ್ನೇ ಬಿಚ್ಚಿ ಹಾಕಿಕೊಂಡರು. ಎರಡು ತಿಂಗಳು, ಯಾರ ಅವಸರವೂ ಇಲ್ಲದೆ, ಜೀವನದಲ್ಲಿ ಮೊದಲ ಸಲ ಮನಸ್ಸಿಗೆ ತೃಪ್ತಿಯಾಗುವಷ್ಟು ಕೆಲಸ ಮಾಡಿದರು. ಇಂಜಿನ್ನಿನ ಹಿಂದಿನ ತಗಡಿಗೆ ತುಕ್ಕು ಹತ್ತಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸ ತಗಡು ಕೂರಿಸಿ, ಬೆಸುಗೆಯ ಗೆರೆಯೂ ಕಾಣದಂತೆ ಉಜ್ಜಿ ಬಣ್ಣ ಹೊಡೆದರು. ಬೇರೆ ಯಾರೇ ಆಗಿದ್ದರೂ ಮೇಲೆ ಪಟ್ಟಿ ಹಾಕಿ ಮುಗಿಸುತ್ತಿದ್ದರು, ನಂಬರು ಅಲ್ಲೇ ಇರುತ್ತಿತ್ತು. ಕೆಲಸ ಬಲ್ಲವನು ಮಾತ್ರ ಮಾಡಬಹುದಾದ ತಪ್ಪು ಅದು.

ಇನ್ಸ್‌ಪೆಕ್ಟರು ಕೂತು ವಿವರಿಸಿದರು. ನಂಬರಿಲ್ಲದೆ ಅವರು ಸಹಿ ಹಾಕುವಂತಿಲ್ಲ. ಕತ್ತರಿಸಿದ ಮೂಲ ತಗಡು ಎಲ್ಲಾದರೂ ಸಿಕ್ಕಿ, ಅದರ ಮೇಲೆ ಪೂರ್ತಿ ನಂಬರಿದ್ದರೆ ಮೇಲಿನವರಿಗೆ ಬರೆದು, ಅನುಮತಿ ಪಡೆದು ಮತ್ತೆ ಗುದ್ದಿಸಬಹುದು. ಅಲ್ಲಿಯವರೆಗೆ ಕಾರನ್ನು ರಸ್ತೆಗೆ ತರಬೇಡಿ. ಗುಜರಿಗೆ ಹಾಕಬೇಕೆಂದರೂ ನಂಬರಿನ ತುಂಡು ಕತ್ತರಿಸಿ ಒಪ್ಪಿಸಬೇಕಂತೆ. ಅಂದರೆ ಆ ಕಾರು ಬದುಕುವ ಹಾಗೂ ಇಲ್ಲ, ಸಾಯುವ ಹಾಗೂ ಇಲ್ಲ. ನಾನು ಇದನ್ನು ತಮಾಷೆಯೆಂದುಕೊಂಡು ಕರೀಮ್ ಸಾಬರಿಗೆ ಹೇಳಿದೆ. ಅವರು ನಗಲಿಲ್ಲ. ನನಗೆ ಯಾವಾಗ ಬಾಯಿ ಮುಚ್ಚಬೇಕೆಂಬುದು ಇಪ್ಪತ್ತಾರು ವರ್ಷ ಪಾಠ ಮಾಡಿದರೂ ತಿಳಿದಿಲ್ಲ.

ಕಾರು ಶೆಡ್ಡಿಗೆ ಹೋಯಿತು. ಗುಲ್ಷನ್ ಮನೆಯೊಳಗೆ ಉಳಿದರು. ಮೊದಲ ಮಂಗಳವಾರ ತಪ್ಪಿತು, ಎರಡನೆಯದು ತಪ್ಪಿತು. ಫಿಸಿಯೋಥೆರಪಿಯ ಹುಡುಗಿ ಫೋನಿನಲ್ಲೇ ವ್ಯಾಯಾಮ ಹೇಳಿಕೊಟ್ಟಳು. ನಾಹಿದಾ ತಾನೇ ಬಂದು ಹೋಗುತ್ತಿದ್ದಳು. ಒಂದು ಕಾರು ಕೊಂಡುಬಿಡಿ ಎಂದು ನಾವು ಹೇಳಿದೆವು. ಕರೀಮ್ ಸಾಬರು ಹೂಂ ಎನ್ನುತ್ತಿದ್ದರು, ಎದ್ದು ಹೋಗಿ ಬಾನೆಟ್ಟು ಎತ್ತಿ ನಿಲ್ಲುತ್ತಿದ್ದರು.

ಪರ್ವತಯ್ಯನ ತಲೆ ಗಿರಣಿಯ ಕಲ್ಲಿನಂತೆ, ಒಂದೇ ದಿಕ್ಕಿಗೆ ತಿರುಗುತ್ತದೆ. ಒಂದು ಭಾನುವಾರ ಶೆಡ್ಡಿನಲ್ಲಿ ಕೂತು ದನಿ ತಗ್ಗಿಸಿ ಹೇಳಿದ.

"ನಂಬ್ರು ಆರ್‌ಸಿ ಬುಕ್ಕಲ್ಲೇ ಐತಲ್ಲ ಸಾಬ್ರೇ. ಗುದ್ದೋ ಪಂಚು ನಿಮ್ಮ ಪೆಟ್ಗೇಲೇ ಅವೆ. ಹತ್ತು ನಿಮ್ಷದ ಕೆಲ್ಸ. ನೀವು ಹೊಡುದ್ರೆ ಬ್ರಹ್ಮಂಗೂ ಗೊತ್ತಾಗಕಿಲ್ಲ."

ಇದು ಕಳ್ಳ ಕೆಲಸವಲ್ಲ, ನಿಮ್ಮದೇ ಕಾರಿಗೆ ನಿಮ್ಮದೇ ನಂಬರು ತಾನೇ ಎಂದು ನಾನೂ ದನಿಗೂಡಿಸಿದೆ. ಪೌರನೀತಿಯನ್ನೂ ನಾನೇ ಪಾಠ ಮಾಡುತ್ತೇನೆ. ಕರೀಮ್ ಸಾಬರು ಎದ್ದರು. ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಒಳಗೆ ಗುಲ್ಷನ್‌ಗೆ ಕೊಟ್ಟು ಬಂದರು.

ಆ ತಗಡು ಎಲ್ಲಿ ಹೋಯಿತೆಂದು ಹುಡುಕುವುದು ಅಷ್ಟು ಕಷ್ಟವಿರಲಿಲ್ಲ. ಕರೀಮ್ ಸಾಬರಿಗೆ ತಗಡು ಬಿಸಾಡುವ ಅಭ್ಯಾಸವಿಲ್ಲ. ತುಕ್ಕು ತಿಂದ ಅಂಚನ್ನು ಕತ್ತರಿಸಿ ಗಟ್ಟಿ ಇರುವ ನಡುವಿನ ಭಾಗವನ್ನು ಇನ್ನೊಂದು ಗಾಡಿಗೆ ತೇಪೆ ಹಾಕುತ್ತಾರೆ. ಆ ಕಾಲದ ತಗಡಿನ ದಪ್ಪ ಈಗ ಅಂಗಡಿಯಲ್ಲಿ ಸಿಗುವುದಿಲ್ಲವಂತೆ. ಹೀಗಾಗಿ ನಮ್ಮ ಕಡೆಯ ಗಾಡಿಗಳಲ್ಲಿ ಯಾವುದೂ ಪೂರ್ತಿ ತಾನಲ್ಲ. ನನ್ನ ಪದ್ಮಿನಿಯ ಕಾಲಿಡುವ ಜಾಗದಲ್ಲಿ ಪುರವರದ ಒಂದು ವ್ಯಾನಿದೆ. ಪರ್ವತಯ್ಯನ ಜೀಪಿನ ಮಡ್‌ಗಾರ್ಡಿನಲ್ಲಿ ಒಂದು ಟ್ರ್ಯಾಕ್ಟರಿದೆ. ಕೊರೊನಾ ವರ್ಷ ಯಾರ ಯಾರ ಗಾಡಿಗೆ ತೇಪೆ ಹಾಕಿದೆ ಎಂದು ಅವರು ಕಣ್ಣು ಮುಚ್ಚಿ ಕೂತು ಲೆಕ್ಕ ಹಾಕಿದರು. ಆಗ ಬಂದವರೇ ಕಡಿಮೆ. ಅಷ್ಟು ದಪ್ಪದ ತಗಡು ಹಾಕಿದ್ದು ಒಂದೇ ಗಾಡಿಗೆ: ಪಾವಗಡ ತಾಲ್ಲೂಕಿನ ತಿರುಮಣಿಯ ಕಾಟಪ್ಪನ ಲಗೇಜ್ ಆಟೋ.

ಆ ಹೊತ್ತಿಗೆ ಕಾರು ನಿಂತು ನಾಲ್ಕನೇ ತಿಂಗಳು. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಶಿರಾಕ್ಕೆ ಹೋಗಿ ಅವರನ್ನು ಬಿಳಿ ಕಾರಿನಲ್ಲಿ ಹತ್ತಿಸಿಕೊಂಡೆ. ಸೀಟು ಬೆಲ್ಟು ಹಾಕದೆ ಕೂತಿದ್ದಕ್ಕೆ ಕಾರು ಕುಂಯ್‌ಗುಟ್ಟಿತು. ಅವರು ಅದನ್ನು ಯಾರದೋ ಮನೆಯ ನಾಯಿ ನೋಡುವಂತೆ ನೋಡಿದರು. ಶಿರಾದಿಂದ ಪಾವಗಡಕ್ಕೆ ಹೋಗುವಾಗ ನಡುವೆ ಆಂಧ್ರದ ತುಂಡೊಂದನ್ನು ದಾಟಬೇಕು. ಕರ್ನಾಟಕದಿಂದ ಹೊರಟು ಕರ್ನಾಟಕಕ್ಕೇ ಹೋಗಲು ಇನ್ನೊಂದು ರಾಜ್ಯ ಹಾದು ಹೋಗುವ ನಮಗೆ ದೇಶಿ ವಿದೇಶಿ ಎಂದು ಜಗಳವಾಡುವ ಅಧಿಕಾರ ಎಲ್ಲಿಂದ ಬಂತೋ. ಅಂಗಡಿ ಬೋರ್ಡುಗಳು ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ತಿರುಗಿದವು.

ತಿರುಮಣಿ ಹತ್ತಿರವಾದಂತೆ ಹೊಲಗಳ ಜಾಗದಲ್ಲಿ ಸೋಲಾರ್ ಪ್ಯಾನೆಲ್‌ಗಳು ಶುರುವಾದವು. ಕಾಟಪ್ಪನ ಹೊಲವೂ ಅದರೊಳಗೆ ಎಲ್ಲೋ ಇದೆ, ಗುತ್ತಿಗೆಗೆ ಕೊಟ್ಟಿದ್ದಾನೆ. ಈಗ ಅವನು ತನ್ನ ಲಗೇಜ್ ಆಟೋದಲ್ಲಿ ಸೋಲಾರ್ ಪಾರ್ಕಿನ ಕೆಲಸದವರಿಗೆ ಕುಡಿಯುವ ನೀರಿನ ಕ್ಯಾನು ಸಾಗಿಸುತ್ತಾನೆ. ನಾವು ಹೋದಾಗ ಆಟೋ ಮನೆಯ ಮುಂದೆ ಹೊಂಗೆ ಮರದ ಕೆಳಗಿತ್ತು. ಕಾಟಪ್ಪನ ಹೆಂಡತಿ ಜಯಕ್ಕ ಖಾಲಿ ಕ್ಯಾನು ಇಳಿಸುತ್ತಿದ್ದಳು.

"ರಾ ಸಾಬಣ್ಣಾ, ಎನ್ನಿ ದಿನಾಲಾಯ್ತು ನಿಮ್ನ ನೋಡಿ!" ಎಂದು ಕಾಟಪ್ಪ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೈ ಹಿಡಿದುಕೊಂಡ. ವಿಷಯ ಕೇಳಿದ ಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ಐದು ವರ್ಷದಿಂದ ಶಿರಾದ ಅಂಬಾಸಿಡರ್ ಮೇಲೆ ನೀರು ಸಾಗಿಸುತ್ತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಕ್ಯಾನುಗಳನ್ನೆಲ್ಲ ಇಳಿಸಿದೆವು. ಕರೀಮ್ ಸಾಬರು ಒಂದು ಗೋಣಿ ಹಾಸಿಕೊಂಡು ಆಟೋದ ಕೆಳಗೆ ಬೆನ್ನ ಮೇಲೆ ಜಾರಿದರು. ಅರವತ್ತೇಳರ ದೇಹ, ಸ್ವಲ್ಪ ಹೊತ್ತು ಬರೀ ಉಸಿರಿನ ಸದ್ದು. ಆಮೇಲೆ ಉಪ್ಪುಕಾಗದದಿಂದ ಬಣ್ಣ ಉಜ್ಜುವ ಸದ್ದು. ನಾನು ಮಂಡಿಯೂರಿ ಮೊಬೈಲಿನ ಬೆಳಕು ಹಿಡಿದಿದ್ದೆ. ತೇಪೆಯ ತಗಡು ಹಸಿರಿನಿಂದ ಬೂದಿಗೆ, ಬೂದಿಯಿಂದ ಬಿಳಿಗೆ ಬಂತು. ಅದರಲ್ಲಿ ಒಂದು ಅಕ್ಷರ ಕಂಡಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಅಂಕಿ. ಐವತ್ತು ವರ್ಷ ದಾಟಿದ ನಾನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಬಾಯಲ್ಲೇ ಎಣಿಸತೊಡಗಿದೆ.

ಎರಡು ಅಕ್ಷರ, ಮೂರು ಅಂಕಿ. ಅಲ್ಲಿಗೆ ತಗಡು ಮುಗಿದಿತ್ತು.

ಬುಕ್ಕಿನಲ್ಲಿದ್ದದ್ದು ಆರು ಅಂಕಿ. ಉಳಿದ ಮೂರು ಅಂಕಿಯಿದ್ದ ಕಡೆ ತಗಡನ್ನು ತುಕ್ಕು ತಿಂದಿರಲಿಲ್ಲ, ಮಳೆ ನೀರು ತಿಂದಿರಲಿಲ್ಲ. ಅಳತೆಗೆ ಸರಿಯಾಗಿ ಕತ್ತರಿಯಿಂದ ಕತ್ತರಿಸಿದ ಅಂಚು ಅದು, ರೂಲು ಹಾಕಿ ಗೆರೆ ಎಳೆದ ಹಾಗೆ ನೇರ. ಆ ಅಂಚಿಗೆ ಕರೀಮ್ ಸಾಬರು ಹೆಬ್ಬೆರಳಿಟ್ಟು ಆ ಕಡೆಯಿಂದ ಈ ಕಡೆಗೆ ಒಮ್ಮೆ ಎಳೆದರು.

"ನಂದೇ ಕತ್ರಿ" ಎಂದರು.

ಜೇಬಿನಿಂದ ಕಾಗದ ಮತ್ತು ಪೆನ್ಸಿಲ್ ತೆಗೆದು, ಮಲಗಿದಲ್ಲೇ ಇದ್ದಷ್ಟರ ಅಚ್ಚು ತೆಗೆದುಕೊಂಡರು. ಹೊರಗೆ ಬಂದು ಮರಕ್ಕೆ ಒರಗಿ ಕೂತರು. ಕಾಟಪ್ಪ ಒಳ್ಳೆಯವನು. ತಗಡು ಬೇಕಿದ್ದರೆ ಕೊಯ್ದುಕೊಂಡು ಹೋಗಿ, ನಾನು ಬೇರೆ ಹಾಕಿಸಿಕೊಳ್ಳುತ್ತೇನೆ ಎಂದ. ಜಯಕ್ಕ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು. ನಾನು ಆಗ ಒಂದು ಮಾತು ಹೇಳಿದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

"ಸಾಬ್ರೇ, ಅರ್ಧ ಅಸಲಿ ಸಿಕ್ಕಿದೆ. ಇನ್ನು ಮೂರೇ ಅಂಕಿ. ಈ ತಗಡಿಗೆ ಒಂದು ತುಂಡು ಸೇರಿಸಿ ಮೂರು ಏಟು ಹೊಡೆದರೆ ಮುಗೀತು. ಅಕ್ಕನ ಮುಖ ನೋಡಿಯಾದ್ರೂ."

ಕರೀಮ್ ಸಾಬರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

"ನಾನು ಒಂದ್ಸಲ ಹೊಡ್ದಿದ್ದೀನಿ ಮೇಷ್ಟ್ರೇ" ಎಂದರು. "ನಂಗೆ ಇಪ್ಪತ್ಮೂರು ವರ್ಷ. ತುಮ್ಕೂರ್ ಗ್ಯಾರೇಜು. ಓನರು ಒಂದು ಟ್ಯಾಕ್ಸಿ ತೋರ್ಸಿ ನಂಬ್ರು ಬದ್ಲಾಯ್ಸು ಅಂದ. ನಂಗೆ ಗೊತ್ತಿತ್ತು ಅದು ಕದ್ದಿದ್ದು ಅಂತ. ಗೊತ್ತಿಲ್ದೆ ಇರಕ್ಕಾಯ್ತದಾ? ಹೊಡ್ದೆ. ಚೆನ್ನಾಗ್ ಹೊಡ್ದೆ."

ಆಮೇಲೆ ಉಳಿದದ್ದನ್ನು ಯಾರದೋ ಕತೆಯಂತೆ ಹೇಳಿದರು. ಕಳುವಾಗುವ ಮೊದಲು ಆ ಟ್ಯಾಕ್ಸಿಯನ್ನು ಓಡಿಸುತ್ತಿದ್ದವನು ಕದಿರಯ್ಯ ಎಂಬ ಡ್ರೈವರು. ಕಾರು ಮಾರಿಕೊಂಡವನು ಇವನೇ ಎಂದು ಟ್ಯಾಕ್ಸಿಯ ಮಾಲೀಕ ಅವನ ಮೇಲೆ ಕೇಸು ಹಾಕಿದ. ನಾಲ್ಕು ವರ್ಷ ಅವನು ಕೋರ್ಟಿಗೆ ಅಲೆದ. ದಾರಿಯಲ್ಲಿ ಗ್ಯಾರೇಜಿನ ಮುಂದೆಯೇ ಹೋಗುತ್ತಿದ್ದ. ನೀರು ಕೊಡಿ ಎಂದು ಕೇಳುತ್ತಿದ್ದ. ಕರೀಮ್ ಸಾಬರೇ ಚೊಂಬಿನಲ್ಲಿ ತಂದು ಕೊಡುತ್ತಿದ್ದರು. ಆ ಕಾರು ಸಿಕ್ಕಿತಾ ಎಂದು ಒಂದು ಸಲವೂ ಕೇಳಲಿಲ್ಲ, ಅದು ಎಲ್ಲಿದೆ ಎಂದು ಹೇಳಲೂ ಇಲ್ಲ. ಐದನೇ ವರ್ಷ ಅವನು ಬರುವುದು ನಿಂತಿತು. ಬಿಟ್ಟರೋ, ಜೈಲಿಗೆ ಹೋದನೋ, ಏನಾದನೋ. ಕರೀಮ್ ಸಾಬರು ಆ ತಿಂಗಳೇ ಗ್ಯಾರೇಜು ಬಿಟ್ಟು ಶಿರಾಕ್ಕೆ ಬಂದು ಸ್ವಂತ ಶೆಡ್ಡು ಹಾಕಿದರು.

"ಅವತ್ತಿಂದ ಎಷ್ಟೋ ಜನ ನಂಬ್ರು ಹೊಡ್ಕೊಡಿ ಅಂತ ಬಂದವ್ರೆ. ನಾನು ಹೊಡ್ದಿಲ್ಲ. ಒಳ್ಳೇವ್ನು ಅಂತ ಅಲ್ಲ ಮೇಷ್ಟ್ರೇ. ಆ ಪಂಚು ಹಿಡುದ್ರೆ ಅವ್ನು ನೀರು ಕುಡ್ದಿದ್ದು ಕಾಣ್ತದೆ. ಈಗ ನನ್ನ ಕಾರಿಗೋಸ್ಕರ ಹೊಡುದ್ರೆ, ಇಷ್ಟ್ ವರ್ಷ ಹೊಡೀದೆ ಇದ್ದಿದ್ದು ಎಲ್ಲಾ ಸುಳ್ಳಾಗೋಯ್ತದೆ."

ಆ ಒಂದು ಸಲವಾದರೂ ಬಾಯಿ ಮುಚ್ಚಿಕೊಂಡೆ ಎಂಬುದೇ ನನ್ನ ಸಮಾಧಾನ.

ಹೊರಡುವ ಮೊದಲು ಅವರು ಇನ್ನೊಮ್ಮೆ ಆಟೋದ ಕೆಳಗೆ ತಲೆ ಹಾಕಿದರು. ತೇಪೆಯ ಒಂದು ಮೂಲೆಯಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಕ್ಯಾನಿನ ಭಾರಕ್ಕೆ ಹೀಗೇ ಬಿಟ್ಟರೆ ಮಳೆಗಾಲಕ್ಕೆ ಕಿತ್ತು ಬರುತ್ತದೆ ಎಂದು ಕಾಟಪ್ಪನನ್ನು ಗದರಿದರು. ಊರಿನ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ, ಅವನ ಕೈಯಿಂದ ಸಲಾಕೆ ಇಸಿದುಕೊಂಡು ತಾವೇ ಬೆಸೆದರು. ಎರಡು ಅಕ್ಷರ, ಮೂರು ಅಂಕಿಗಳ ಮೇಲೆ ಮತ್ತೆ ಹಸಿರು ಬಣ್ಣ ಬಳಿದರು. ನಾವು ತಿರುಮಣಿ ಬಿಡುವಷ್ಟರಲ್ಲಿ ಪ್ಯಾನೆಲ್‌ಗಳ ಮೇಲೆ ಬಿಸಿಲು ಓರೆಯಾಗಿತ್ತು.

ಗುಲ್ಷನ್ ಹೊಸ್ತಿಲ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಗಂಡ ಹೆಂಡತಿಯ ನಡುವಿನ ಮಾತು ಉರ್ದುವಿನಲ್ಲಿ, ಆದರೆ ಮೂರನೆಯವನು ನಾನಿದ್ದರೆ ಕನ್ನಡಕ್ಕೆ ಬರುವುದು ಅವರ ಮನೆಯ ಮರ್ಯಾದೆ. ಕರೀಮ್ ಸಾಬರು ಕಾಗದ ಕೊಟ್ಟರು. ಆಕೆ ಕನ್ನಡಕ ಹಾಕಿಕೊಂಡು ಪೆನ್ಸಿಲ್ಲಿನ ಕಪ್ಪಿನೊಳಗಿನ ಬಿಳಿಯ ಅಂಕಿಗಳನ್ನು ಎಣಿಸಿದರು.

"ಮಿಕ್ಕಿದ್ದು?"

"ಬೆರಳಗ್ಲದ ಚೂರು, ಕತ್ತರ್ಸಿ ಬಿಸಾಕ್ಬುಟ್ಟಿದ್ದೀನಿ. ಅವತ್ತು ನೋಡ್ಲಿಲ್ಲ."

ಗುಲ್ಷನ್ ಕಾಗದ ಮಡಿಸಿ ಮಡಿಲಿನಲ್ಲಿಟ್ಟುಕೊಂಡರು. ಅವರು ಅಳುತ್ತಾರೇನೋ ಎಂದು ನಾನು ಹೆದರಿದ್ದೆ.

"ಹಂಗಾರೆ ಬೇರೆ ಗಾಡಿ ನೋಡಿ" ಎಂದರು. "ನಾಲ್ಕು ತಿಂಗ್ಳಾಯ್ತು ನಾನು ಬೀದಿ ನೋಡಿ."

ವಾತಾವರಣ ತಿಳಿಯಾಗಲಿ ಎಂದು ನಾನು, ಯಾವುದು ನೋಡೋಣ ಅಕ್ಕಾ, ನಮ್ಮ ದೇಶದ್ದೋ ಹೊರದೇಶದ್ದೋ ಎಂದು ಕೇಳಿದೆ.

"ಬಾಗ್ಲು ಅಗಲ ಇರೋ ದೇಶದ್ದು" ಎಂದರು ಗುಲ್ಷನ್.

ಸೋಮವಾರ ಕರೀಮ್ ಸಾಬರು ಅರ್ಧ ನಂಬರಿನ ಕಾಗದವನ್ನು ಸಾರಿಗೆ ಕಚೇರಿಗೆ ಒಪ್ಪಿಸಿದರು. ಜೊತೆಗೆ ಒಂದು ಹೇಳಿಕೆ, ನನ್ನ ಕೈಯಲ್ಲೇ ಬರೆಸಿದ್ದು: ಈ ಕಾರಿನ ನಂಬರನ್ನು ನಾನೇ ತಿಳಿಯದೆ ಕತ್ತರಿಸಿ ತೆಗೆದಿದ್ದೇನೆ, ಉಳಿದ ಅರ್ಧ ಇಲ್ಲ, ಕಾರನ್ನು ಇನ್ನು ರಸ್ತೆಗೆ ತರುವುದಿಲ್ಲ. ಇನ್ಸ್‌ಪೆಕ್ಟರು ಅದನ್ನು ಎರಡು ಸಲ ಓದಿದರು. ಪೂರ್ತಿ ಇದ್ದಿದ್ದರೆ ಬರೆಯಬಹುದಿತ್ತು ಎಂದರು. ನೀವು ಹೇಳೋದು ಸರಿ ಸಾರ್ ಎಂದು ಕರೀಮ್ ಸಾಬರು ಕೈ ಮುಗಿದು ಬಂದರು. ಹೊರಗೆ ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಹಿಂದೆಂದೂ ಹಾಗೆ ಹಿಡಿದವರಲ್ಲ.

ಆ ವಾರವೇ ತುಮಕೂರಿಗೆ ಹೋದೆವು. ಗುಲ್ಷನ್‌ರನ್ನು ಹೇಗೋ ನನ್ನ ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಎರಡು ದಿಂಬು ಹಾಕಿ ಕೂರಿಸಿಕೊಂಡು ಹೋದದ್ದು. ಮೂರು ಶೋರೂಮು ಸುತ್ತಿದೆವು. ಟೈ ಕಟ್ಟಿದ ಹುಡುಗರು ಮೈಲೇಜು, ಟಚ್ ಸ್ಕ್ರೀನು, ಐದು ಸ್ಟಾರು ಎಂದು ಹೇಳುತ್ತಿದ್ದರೆ ಕರೀಮ್ ಸಾಬರು ಜೇಬಿನಿಂದ ಟೇಪು ತೆಗೆದು ನೆಲದಿಂದ ಸೀಟಿಗೆ ಎಷ್ಟು, ಬಾಗಿಲು ತೆರೆದರೆ ಎಷ್ಟು ಎಂದು ಅಳೆಯುತ್ತಿದ್ದರು. ಒಂದು ಶೋರೂಮಿನ ಹುಡುಗ, ಅಂಕಲ್ ಬಟ್ಟೆ ಹೊಲಿಯೋರಾ ಎಂದು ನನ್ನ ಕಿವಿಯಲ್ಲಿ ಕೇಳಿದ. ತಗಡಿನ ಬಟ್ಟೆ ಎಂದೆ.

ಪ್ರತಿ ಕಾರಿನಲ್ಲೂ ಗುಲ್ಷನ್ ಮೊದಲು ಹಿಂದುಮುಂದಾಗಿ ಸೀಟಿನ ಅಂಚಿಗೆ ಕೂರುತ್ತಿದ್ದರು. ಕರೀಮ್ ಸಾಬರು ಬಗ್ಗಿ ಆಕೆಯ ಎರಡೂ ಕಾಲುಗಳನ್ನು ಒಟ್ಟಿಗೆ ಹಿಡಿದು, ನಿಧಾನವಾಗಿ ಎತ್ತಿ ಒಳಗೆ ತಿರುಗಿಸುತ್ತಿದ್ದರು. ಎರಡು ವರ್ಷದಿಂದ ಅಂಬಾಸಿಡರಿನಲ್ಲಿ ಹಾಗೇ ಮಾಡಿದ್ದರು ಎಂದು ನನಗೆ ಅವತ್ತೇ ತಿಳಿದದ್ದು. ಎಷ್ಟೋ ಸಲ ಅವರ ಮನೆಗೆ ಹೋಗಿದ್ದೇನೆ. ಅವರು ಹೊರಡುವ ಹೊತ್ತಿಗೆ ನಾನು ಶೆಡ್ಡಿನಲ್ಲಿ ಪರ್ವತಯ್ಯನ ಜೊತೆ ದೇಶ ಉಳಿಸುತ್ತಿದ್ದೆ.

ಮೂರನೇ ಶೋರೂಮಿನಲ್ಲಿ ಒಂದು ಎತ್ತರದ, ಚೌಕಾಕಾರದ ಕಾರಿತ್ತು. ಅದು ಯಾವ ದೇಶದ ಕಂಪನಿಯದೆಂದು ಪರ್ವತಯ್ಯನಿಗೆ ನಾನು ಇನ್ನೂ ಹೇಳಿಲ್ಲ. ಗುಲ್ಷನ್ ಅಂಚಿಗೆ ಕೂತರು. ಕರೀಮ್ ಸಾಬರು ಎಂದಿನಂತೆ ಬಗ್ಗಿ ಕೈ ಚಾಚಿದರು.

"ಬೇಡ, ಬುಡಿ" ಎಂದರು ಗುಲ್ಷನ್.

ಬಾಗಿಲಿನ ಮೇಲಿನ ಹಿಡಿ ಹಿಡಿದುಕೊಂಡು ಮೊದಲು ಒಂದು ಕಾಲು, ಆಮೇಲೆ ರಾಡು ಹಾಕಿದ ಕಡೆಯ ಕಾಲು, ತಾವೇ ಎತ್ತಿ ಒಳಗಿಟ್ಟುಕೊಂಡರು. ಸೆರಗು ಸರಿಮಾಡಿಕೊಂಡು ಎದುರಿನ ಗಾಜಿನಾಚೆ ರಸ್ತೆ ನೋಡುತ್ತ ಕೂತರು.

ಕರೀಮ್ ಸಾಬರ ಎರಡು ಕೈಗಳು ಇನ್ನೂ ಚಾಚಿದಂತೆಯೇ ಇದ್ದವು. ಸ್ವಲ್ಪ ಹೊತ್ತಿನ ಮೇಲೆ ನೆಟ್ಟಗೆ ನಿಂತು, ಹುಡುಗನ ಕಡೆ ತಿರುಗಿ, ಇದನ್ನೇ ಕೊಡಪ್ಪ ಎಂದರು.